ಕಾಯತಾನನ ಕಾಡುಕೋಣ

ಎಡಗಡೆ ಗುದ್ದಿದ ಕಾರಿನ ಬಲಗಡೆಯ ಕನ್ನಡಿ ಮಡಚಿದ್ದು ಹೇಗೆ?

ವಿಮೆ ಕಂಪನಿಯ ಸರ್ವೇಯರ್ ಸಂಜೀವಕುಮಾರ ಇದನ್ನು ಮೆಲ್ಲಗೇ ಕೇಳಿದ. ಹುಬ್ಬಳ್ಳಿಯ ಶೋರೂಮಿನ ಹಿಂಬದಿಯಲ್ಲಿ ಕಾಯತಾನನ ಎಲೆಕ್ಟ್ರಿಕ್ ಕಾರು ಹಲ್ಲುನೋವಿನವರಂತೆ ಎಡಗೆನ್ನೆ ಊದಿಸಿಕೊಂಡು ನಿಂತಿತ್ತು.

"ಕೋಣ ಅಡ್ಡ ಬಂದ ಗಾಬರಿಗೆ ಮಡಚಿರಬೇಕ್ರಿ," ಎಂದ ಕಾಯತಾನ.

ಕನ್ನಡಿಗೂ ಗಾಬರಿಯಾಗುತ್ತದೆಯೇ ಎಂದು ಸರ್ವೇಯರ್ ಕೇಳಲಿಲ್ಲ. ಫೋಟೊ ತೆಗೆದ. ಒಳಗೆ ಮುಂದಿನ ಗಾಜಿಗೆ, ಕಾರನ್ನು ಬಾಡಿಗೆಗೆ ಹಿಡಿದಿದ್ದ ರೆಸಾರ್ಟಿನವರು ಅಂಟಿಸಿದ್ದ ಒಂದು ಕರಿ ಡಬ್ಬಿಯಿತ್ತು. ಅದಕ್ಕೆ ಕಾಯತಾನ ಜಪಮಾಲೆ ನೇತುಹಾಕಿದ್ದ. ಸರ್ವೇಯರ್ ಜಪಮಾಲೆಯನ್ನು ಅವನ ಕೈಗಿಟ್ಟು ಡಬ್ಬಿಯನ್ನು ತಾನು ಬಿಚ್ಚಿಕೊಂಡು ಹೋದ. ಅದೇನೆಂದು ಕಾಯತಾನ ಕೇಳಲಿಲ್ಲ. ಆ ಗಾಡಿಯಲ್ಲಿ ಅವನಿಗೆ ಗೊತ್ತಿಲ್ಲದ ಡಬ್ಬಿಗಳು ಬೇಕಾದಷ್ಟಿದ್ದವು.

ಕಾಯತಾನ ಯಾವ ಕೋಣವನ್ನೂ ಕಂಡಿರಲಿಲ್ಲ. ಇದು ಅವನ ಹೆಂಡತಿ ಮಾರ್ಗರೀಟಾಗೆ ಗೊತ್ತಿತ್ತು, ದೇವರಿಗೂ ಗೊತ್ತಿತ್ತು.

ಹಳಿಯಾಳದ ಕಡೆಯ ಅವನ ಊರಿನಿಂದ ದಾಂಡೇಲಿಯ ರೆಸಾರ್ಟಿಗೆ ಹೋಗುವ ದಾರಿಯಲ್ಲಿ ಊರ ಕೊನೆಗೆ ಶಿಲುಬೆ, ಹಳ್ಳ ದಾಟಿದರೆ ದರ್ಗಾ, ಆಮೇಲೆ ಕಾಡಿನ ತಿರುವಿನಲ್ಲಿ ಮತ್ತಿಮರದ ಕೆಳಗೆ ತೀರಿಹೋದ ಹಿರಿಯರ ಕಲ್ಲು. ಮೊದಲಿನ ಎರಡಕ್ಕೆ ಒಂದು ಕೈ ಸಾಕು. ಹಿರಿಯರಿಗೆ ಮಾತ್ರ ಎರಡೂ ಕೈ ಮುಗಿಯಬೇಕು, ಕಣ್ಣೂ ಮುಚ್ಚಬೇಕು. ಇಗರ್ಜಿಗೆ ಹೋಗುವವರಾಗಲಿ ಮಸೀದಿಗೆ ಹೋಗುವವರಾಗಲಿ, ಆ ಸೀಮೆಯ ಸಿದ್ದಿ ಜನಾಂಗದವರು ಯಾರೂ ಆ ಕಲ್ಲನ್ನು ಸುಮ್ಮನೆ ದಾಟುವುದಿಲ್ಲ. ಬೈಕಿನ ಕಾಲದಲ್ಲಿ ಕಾಯತಾನ ಇಳಿದು ನಿಂತು ಮುಗಿಯುತ್ತಿದ್ದ. ಕಾರು ಬಂದಮೇಲೆ ಗಾಡಿ ನಿಲ್ಲಿಸದೆ ಕೂತಲ್ಲೇ ಮುಗಿಸತೊಡಗಿದ. ಸದ್ದಿಲ್ಲದ ಗಾಡಿ, ಪ್ರಾರ್ಥನೆಗೆ ಬಹಳ ಅನುಕೂಲ ಎಂದು ಊರತುಂಬ ಹೊಗಳಿಕೊಂಡವನೂ ಅವನೇ.

ಆ ಮಂಜಿನ ಮುಂಜಾನೆ ಕಣ್ಣು ತೆರೆದಾಗ ಕಾರು ಮೋರಿಯ ಕಟ್ಟೆ ಏರಿತ್ತು. ಮೈಗೆ ತರಚು ಗಾಯವೂ ಇಲ್ಲ. ಆದರೆ ಕಾರಿನ ಹೊಟ್ಟೆಯ ಕೆಳಗೆ ಬ್ಯಾಟರಿ ನುಗ್ಗಾಗಿತ್ತು. ರಿಪೇರಿ ಇಲ್ಲ, ಹೊಸದೇ ಹಾಕಬೇಕು ಎಂದರು ಶೋರೂಮಿನವರು. ವಿಮೆ ಬಾರದಿದ್ದರೆ ಕಾರು ಗುಜರಿಗೆ, ರೆಸಾರ್ಟಿನ ಬಾಡಿಗೆ ಬೇರೆಯವರಿಗೆ. ಪ್ರಾಣಿ ಅಡ್ಡ ಬಂತೆಂದು ಹೇಳು, ಕಣ್ಣು ಮುಚ್ಚಿದ್ದೆ ಎಂದರೆ ಒಂದು ಪೈಸೆಯೂ ಹುಟ್ಟುವುದಿಲ್ಲ ಎಂದು ಬುದ್ಧಿ ಹೇಳಿದವರೂ ಅಲ್ಲಿಯೇ ಸಿಕ್ಕರು.

ಹೀಗೆ ಕೋಣ ಹುಟ್ಟಿತು, ಹುಟ್ಟಿದ್ದು ಬೆಳೆಯಿತು. ಅರ್ಜಿಯಲ್ಲಿ ಅದು ಸುಮ್ಮನೆ ರಸ್ತೆ ದಾಟಿತ್ತು. ಇಗರ್ಜಿಯ ಮೆಟ್ಟಿಲ ಮೇಲೆ ಬುಸುಗುಟ್ಟಿತು. ಚಹಾದಂಗಡಿಯಲ್ಲಿ ಕಾಲು ಕೆರೆಯಿತು. ಇನ್ನೆರಡು ದಿನ ಬಿಟ್ಟರೆ ಅದು ತನ್ನ ಹೆಸರು ಹಿಡಿದು ಕರೆಯುತ್ತದೆ ಎನ್ನಿಸಿ ಕಾಯತಾನನಿಗೆ ತನ್ನ ಬಗ್ಗೆ ತನಗೇ ನಗು ಬಂತು.

ಮಾರ್ಗರೀಟಾ ನಗಲಿಲ್ಲ. "ಅವತ್ತ ಹಿರಿಯರ ಮುಂದ ಕಣ್ಣು ಮುಚ್ಚಿದ್ರಿ. ಈಗ ಅವರ ಬಾಗಲಾಗ ಕೋಣ ಕಟ್ಟಿದ್ರಿ. ಮೇಯಸವ್ರು ಯಾರು?"

ರವಿವಾರ ಇಗರ್ಜಿಯಿಂದ ಬಂದು ಕೂತಿದ್ದರಷ್ಟೆ, ಸಂಜೀವಕುಮಾರನೇ ಬಾಗಿಲಿಗೆ ಬಂದ. ರಜೆಯ ದಿನ. ಕೈಯಲ್ಲಿ ಕಾಗದಪತ್ರ ಇರಲಿಲ್ಲ, ಭಾರವಾದ ಬಟ್ಟೆಚೀಲವೊಂದಿತ್ತು. ತಿರುವಿನ ಆ ಕಲ್ಲನ್ನು ತೋರಿಸಿ ಎಂದ. ತಿರುವಿನಲ್ಲಿ ಇಳಿದಾಗ ಬೂಟು ತನ್ನ ಕಾರಿನಲ್ಲೇ ಬಿಟ್ಟ. ಹೆಜ್ಜೆಯಿಂದ ರಸ್ತೆ ಅಳೆಯುವವನೇ ಇರಬೇಕು, ಚೀಲದಲ್ಲಿರುವುದು ಸುಳ್ಳು ಹಿಡಿಯುವ ಯಂತ್ರವೇ ಇರಬೇಕು ಎಂದುಕೊಂಡ ಕಾಯತಾನ. ಮಾರ್ಗರೀಟಾ ಹಿಂದೆ ಬಂದಳು.

ಕಲ್ಲಿನ ಮುಂದೆ ನಿಂತು ಸರ್ವೇಯರ್ ಕೇಳಿದ: "ಕೋಣ ಒಂದ ಇತ್ತೇನ್ರಿ?"

"ಒಂದರೀ."

"ಚಲೋತ್ನ್ಯಾಗ ನೆನಪು ಮಾಡ್ಕೋರಿ."

ಕಾಯತಾನ ಕಲ್ಲಿನ ಕಡೆ ನೋಡಿದ. ಮುಚ್ಚಬೇಕಾದಾಗ ತಾವಾಗಿ ಮುಚ್ಚುವ ಕಣ್ಣು ಇವತ್ತು ಮುಚ್ಚಲಿಲ್ಲ. ಎರಡು ಎಂದರೆ ಎರಡನ್ನೂ ಸಾಕಬೇಕು. ಒಂದನ್ನು ಸಾಕಿಯೇ ಸೋತುಹೋಗಿದ್ದ.

"ಒಂದೂ ಇರಲಿಲ್ರಿ ಸಾಹೇಬರ," ಎಂದ. "ಕೈ ಬಿಟ್ಟು, ಕಣ್ಣು ಮುಚ್ಚಿ, ಇವರಿಗೆ ಮುಗಿಯಾಕ ಹತ್ತಿದ್ದೆ. ಗಾಡಿ ತಾನ ಹೋಗಿ ಗುದ್ದೇತಿ. ಬ್ಯಾರೆ ಏನೂ ಇಲ್ಲ."

ಕಾರು ಹೋಯಿತು, ಬಾಡಿಗೆ ಹೋಯಿತು ಎಂದುಕೊಂಡ. ಬೆನ್ನ ಹಿಂದೆ ಮಾರ್ಗರೀಟಾ ಬಹಳ ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. ಕಾಯತಾನನ ಎದೆಯೂ ಹಗುರಾಯಿತು.

ಸಂಜೀವಕುಮಾರ ಸಿಟ್ಟಾಗಲಿಲ್ಲ. ಕರಿ ಡಬ್ಬಿ ಕ್ಯಾಮೆರಾ ಎಂದು ತಿಳಿಸಿ, ಅದರ ವಿಡಿಯೊ ಇದ್ದ ಮೊಬೈಲನ್ನು ಗಂಡಹೆಂಡಿರ ಮುಂದೆ ಹಿಡಿದ. ಮೊದಲು ಜಪಮಾಲೆ ತೂಗಾಡಿತು. ಕಾಯತಾನನ ದನಿಯೇ ಹಿರಿಯರ ಹೆಸರು ಗುನುಗಿತು. ಮಂಜು ಸರಿಯಿತು. ರಸ್ತೆ ಬಲಕ್ಕೆ ತಿರುಗಿತು. ಹಿಡಿಯುವವರಿಲ್ಲದ ಕಾರು ತಿರುಗದೆ ನೇರ ಎಡ ಅಂಚಿಗೆ ಸರಿಯಿತು. ತಿರುವಿನ ನಟ್ಟನಡುವೆ, ಸದ್ದಿಲ್ಲದ ಗಾಡಿ ಬಂದದ್ದೇ ತಿಳಿಯದೆ ನಿಂತಿತ್ತು ಬೆಟ್ಟದಂಥ ಕಾಡೆಮ್ಮೆ. ಪಕ್ಕದಲ್ಲಿ ಅದರ ಕರು. ಕರಿಯ ಪಕ್ಕೆಯೊಂದು ಬಲಗಡೆ ಹಾದುಹೋಯಿತು, ಕನ್ನಡಿ ಪಟ್ಟನೆ ಮಡಚಿತು. ಆಮೇಲೆ ಮೋರಿಯ ಕಟ್ಟೆ.

ಮಾರ್ಗರೀಟಾ ಶಿಲುಬೆಯ ಗುರುತು ಹಾಕಿಕೊಂಡಳು. ಕಾಯತಾನನಿಗೆ ಯಾವ ಕೈ ಎತ್ತಬೇಕೆಂಬುದೇ ಮರೆತುಹೋಯಿತು.

ಸಂಜೀವಕುಮಾರ ಚೀಲದಿಂದ ತೆಂಗಿನಕಾಯಿ ಹೊರತೆಗೆದ. "ನಿಮ್ಮ ಕ್ಲೇಮ್ ಮೊನ್ನೇನ ಪಾಸ್ ಆಗೇತ್ರಿ. ನಾನೂ ಕೆಲಸಕ್ಕಂತ ಇದ ರಸ್ತಾದಾಗ ಓಡಾಡಾಂವ. ಈ ಹಿರಿಯರಿಗೆ ಕಾಯಿ ಹೆಂಗ ಒಡೀಬೇಕು, ಹೇಳಿ ಕೊಡ್ರಿ."