ಎಡಮೂಲೆಯ ಗುಂಡಿ

‘ಆರಾಮ’ ಎಂದು ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತಿದರೆ ಪರದೆಯ ಮೇಲೆ ಜಪಾನಿ ಅಕ್ಷರ ಮೂಡಿತು. ದಮಯಂತಿ ಅಳಿಸಿ ಮತ್ತೆ ಒತ್ತಿದಳು. ಮತ್ತೆ ಅದೇ. ಅಡುಗೆಮನೆಯಲ್ಲಿ ಬಂಗಡೆ ಸಾರು ಉಕ್ಕುವ ಸಪ್ಪಳ ಕೇಳಿ ಎದ್ದು ಹೋಗಿ, ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು.

ಗಂಡ ಜಪಾನಿನವರ ಸರಕು ಹಡಗಿನಲ್ಲಿ ಅಡುಗೆಯವನು. ಹೋದ ರಜೆಯಲ್ಲಿ ಅಲ್ಲಿನದೇ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಬೇಲೆಕೇರಿಯ ಈ ಮನೆಯಲ್ಲಿ ಇಟ್ಟು, ಅವಳ ಹೆಸರಿನಲ್ಲೊಂದು ಈಮೇಲನ್ನೂ ಮಾಡಿಕೊಟ್ಟು ಹೋಗಿದ್ದ. ನಿನ್ನೆ ಅವನ ಫೋನ್ ಬಂದಿತ್ತು. “ಕರಾರು ಮುಗೀತು. ನಾಳೆ ಸಂಜೆ ಹಡಗು ಬಿಡ್ತದೆ. ಇಳಿದು ಊರಿಗೆ ಬರ್ಲಾ, ಇನ್ನೊಂದು ವರ್ಷಕ್ಕೆ ಸಹಿ ಹಾಕ್ಲಾ? ನೀನು ಹೇಳಿದ ಹಾಗೆ. ಈಮೇಲ್ ಹಾಕು.” ಅವಳು ಬಾಯಿ ತೆರೆಯುವುದರೊಳಗೆ ಅವನ ಕಾರ್ಡು ಮುಗಿದು ಫೋನ್ ಕಟ್ಟಾಗಿತ್ತು.

ಮಧ್ಯಾಹ್ನ ಅಂಕೋಲೆಯಿಂದ ನೀತಾ ಬಂದಳು. ಭಾವನ ಮಗಳು, ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುವವಳು. ಬಂದವಳೇ ಇಂಟರ್ನೆಟ್ಟಿಗೆಂದು ಫೋನಿನ ತಂತಿ ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಆದರೆ ಅವಳ ಬೆರಳುಗಳೂ ಎಡವಿದವು. ಅಂಕಿ ಎರಡರ ಗುಂಡಿಯ ಮೇಲೆ ಇರಬೇಕಾದ @ ಅಲ್ಲಿರಲಿಲ್ಲ. ಹುಡುಕಿದರೆ ಪಿ ಅಕ್ಷರದ ಪಕ್ಕ ಕೂತಿತ್ತು. ಸ್ಪೇಸ್ ಗುಂಡಿಯಂತೂ ಬೆಂಕಿಪೆಟ್ಟಿಗೆಯಷ್ಟು ಗಿಡ್ಡ. ಹೆಬ್ಬೆರಳು ಒಂದಿಷ್ಟು ಜಾರಿದರೆ ಬರೆದದ್ದೆಲ್ಲ ಜಪಾನಿಗೆ ಹೊರಳುತ್ತಿತ್ತು.

“ಎಂತ ಕರ್ಮ ಕಾಕಿ. ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಹೊಡಿತೆ. ಇಲ್ಲಿ ಕಣ್ಣು ಬಿಟ್ರೂ ಸಿಗೂದಿಲ್ಲ.” ಕೊನೆಗೆ ಎಡಮೂಲೆಯ ಒಂದು ಗುಂಡಿ ಒತ್ತಿದಾಗ ಇಂಗ್ಲಿಷ್ ಬಂತು. “ಹಾಂ, ಇದೇ ಕಳ್ಳ. ಈಗ ಕಾಕನ ವಿಳಾಸ ಹೇಳು.”

“ಮೊದಲು ಅವರ ಹೆಸರು. ಆಮೇಲೆ ನಮ್ಮ ಹಳೇ ದೋಣಿಯ ಹೆಸರು.”

“ಅವರು ಅಂದ್ರೆ ಯಾರು?”

“ನಿನ್ನ ಕಾಕನ ಹೆಸರು ನಿನಗೆ ಗೊತ್ತಿಲ್ವನೇ?”

“ನನಗೆ ಗೊತ್ತು. ನಿನ್ನ ಬಾಯಿಂದ ಕೇಳೂಕೆ. ಹೇಳು ಕಾಕಿ, ಕಂಪ್ಯೂಟರಿಗೆ ಕಿವಿ ಇಲ್ಲ.”

ದಮಯಂತಿ ನಕ್ಕು ತಲೆಯಾಡಿಸಿದಳು. ಮದುವೆಯಾದಂದಿನಿಂದ ಗಂಡನ ಹೆಸರು ಅವಳ ನಾಲಿಗೆಗೆ ಬಂದಿರಲಿಲ್ಲ. ಅತ್ತೆಯೂ ಮಾವನ ಹೆಸರು ಹೇಳಿದವಳಲ್ಲ. ನೀತಾ ತಾನೇ ‘ಹರಿಶ್ಚಂದ್ರ’ ಎಂದು ಹೊಡೆದು, “ಈಗ ಹೇಳು, ಎಂತ ಬರೀಲಿ?” ಎಂದಳು.

ದಮಯಂತಿ ಪರದೆ ನೋಡಿದಳು, ನೀತಾಳ ಮುಖ ನೋಡಿದಳು. ತನ್ನ ತೊಡೆಯ ಮೇಲೆ ಮಲಗಿ ಬೆಳೆದ ಹುಡುಗಿ. ಇವಳೆದುರು ಅದನ್ನು ಹೇಗೆ ಹೇಳುವುದು? “ಇಲ್ಲಿ ಎಲ್ಲ ಆರಾಮ,” ಎಂದಳು. “ಮನೆಯ ಮಾಡು ಸೋರೂದಿಲ್ಲ. ಅತ್ತೆಯ ಕಾಲುನೋವು ಕಡಿಮೆ, ಮಗಳ ಮನೆಗೆ ಹೋಗಿದ್ದಾರೆ. ನಿಮಗೆ ಸರಿ ಕಂಡ ಹಾಗೆ ಮಾಡಿ.”

“ಅಷ್ಟೇನಾ?” ಹೇಳಿದ್ದನ್ನೆಲ್ಲ ಹೊಡೆದು ಮುಗಿಸಿ ನೀತಾ ಕೇಳಿದಳು.

“ಅಷ್ಟೇ. ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳ್ಕೊ, ಬಡಿಸ್ತೆ.”

ನೀತಾ ಹಿತ್ತಲಿಗೆ ಹೋದಳು. ರಾಟೆ ಕಿರುಗುಟ್ಟಿತು. ದಮಯಂತಿ ಅಡುಗೆಮನೆಗೆ ಏಳಲಿಲ್ಲ. ರಜೆಯಲ್ಲಿ ಅವನು ಇದೇ ಗುಂಡಿಗಳ ಮೇಲಿನ ಕೊಂಕು ಗೆರೆಯ ಜಪಾನಿ ಅಕ್ಷರಗಳನ್ನು ಬೆರಳಿಟ್ಟು ಓದಿ ತೋರಿಸಿದ್ದ. ಹಡಗಿನ ಅಕ್ಕಿ ಚೀಲ, ಸಾಸಿನ ಬಾಟಲಿ ಓದಿ ಓದಿ ಕಲಿತದ್ದಂತೆ. ಆ ಅಕ್ಷರ ಅವನೊಬ್ಬನಿಗೆ ತಿಳಿಯುತ್ತದೆ, ಈ ಊರಿನಲ್ಲಿ ಇನ್ನು ಯಾರಿಗೂ ತಿಳಿಯುವುದಿಲ್ಲ. ಅವಳು ಎಡಮೂಲೆಯ ಗುಂಡಿ ಒತ್ತಿದಳು. ಒಂದೊಂದೇ ಅಕ್ಷರ ಹುಡುಕಿ, ಮೊದಲು ಅವನ ಹೆಸರು ಬರೆದಳು. ಆಮೇಲೆ ‘ಬನ್ನಿ’ ಎಂದು ಬರೆದಳು. ನೀತಾ ಬರೆದದ್ದರ ತುದಿಯಲ್ಲಿ ಜಪಾನಿ ಅಕ್ಷರಗಳು ಸಣ್ಣ ಸಣ್ಣ ಮೀನಿನ ಗಾಳದಂತೆ ಸಾಲಾಗಿ ನಿಂತವು. ಇನ್ನು ಕಳಿಸುವುದು ಹೇಗೆ? ಅದು ಯಾವ ಗುಂಡಿ?

“ಅಯ್ಯ, ಮತ್ತೆ ಜಪಾನಿಗೆ ಹೋಯ್ತಾ?” ಒದ್ದೆ ಕೈಯನ್ನು ಲಂಗಕ್ಕೆ ಒರೆಸುತ್ತ ನೀತಾ ಬಗ್ಗಿದಳು. “ಕೈ ತಾಗಿಸಿದೆಯಾ ಕಾಕಿ?”

“ಅದು... ಇರ್ಲಿ ಬಿಡೇ.”

“ಇರ್ಲಿ ಅಂದ್ರೆ? ಟೈಪಿಂಗ್ ಕಲಿಸೋಳು ಹೀಗೆ ಕಳಿಸಿದ್ರೆ ಕಾಕ ನಗಾಡ್ತಾನೆ.”

ನೀತಾ ತುದಿಯಿಂದ ಒಂದೊಂದೇ ಅಕ್ಷರ ಅಳಿಸಿದಳು. ‘ಬನ್ನಿ’ ಹೋಯಿತು. ಹೆಸರೂ ಹೋಯಿತು. ದಮಯಂತಿಯ ಕೈ ಅರ್ಧ ಮೇಲೆದ್ದು ಮತ್ತೆ ಮಡಿಲಿಗೆ ಬಿತ್ತು. ನೀತಾ ಕಳಿಸುವ ಗುಂಡಿ ಒತ್ತಿ, “ಹೋಯ್ತು ನೋಡು, ಕಾಕನಿಗೆ ಮುಟ್ತು,” ಎಂದು ತಂತಿ ಕಿತ್ತು ಫೋನಿಗೆ ಹಾಕಿದಳು. ಕನ್ನಡಿಯ ಅಂಚಿಗೆ ಅಂಟಿಸಿಟ್ಟಿದ್ದ ಕಾಕಿಯ ಹಣೆಯ ಟಿಕಲಿಯೊಂದನ್ನು ಕಿತ್ತು ತಂದು ಎಡಮೂಲೆಯ ಗುಂಡಿಯ ಮೇಲೆ ಒತ್ತಿ ಅಂಟಿಸಿದಳು. “ಇದೊಂದನ್ನ ಮುಟ್ಟಬೇಡ. ಎಲ್ಲ ಗೊಂದಲ ಇದರಿಂದಲೇ.”

ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಉಂಡು, ನೀತಾ ಬಸ್ಸಿಗೆ ಓಡಿದಳು. ದಮಯಂತಿ ತಟ್ಟೆ ತೊಳೆದಿಟ್ಟು, ಲ್ಯಾಪ್‌ಟಾಪಿನ ಮುಚ್ಚಳ ಹಾಕಲು ಬಂದಳು. ಕಪ್ಪು ಗುಂಡಿಗಳ ಮೂಲೆಯಲ್ಲಿ ಟಿಕಲಿ ಕೆಂಪಗೆ ಕೂತಿತ್ತು. ಅದರ ಮೇಲೆ ಬೆರಳಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಕರೆದಳು.

ಕಂಪ್ಯೂಟರಿಗೆ ಕಿವಿ ಇರಲಿಲ್ಲ.