ಕಿಟಕಿಗೆ ಮುಖ ಮಾಡಿ

"ಹೀಗೆ ಕೂತ್ರೆ ಕೆಲಸ ಕೊಡೋದಿರ್ಲಿ, ನೀನ್ಯಾರು ಅಂತಾನೂ ಅವರಿಗೆ ಗೊತ್ತಾಗಲ್ಲ," ಎನ್ನುತ್ತ ಮಾವ ಲ್ಯಾಪ್‌ಟಾಪ್ ಎತ್ತಿಕೊಂಡೇಬಿಟ್ಟರು. ವಿಡಿಯೋ ಸಂದರ್ಶನಕ್ಕೆ ಇನ್ನು ಹದಿನೈದೇ ನಿಮಿಷ. ಸೊಸೆ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಪರದೆಯ ಮೇಲೆ ಅವಳ ಜಾಗದಲ್ಲಿ ಒಂದು ಕಪ್ಪು ಆಕೃತಿ ಕೂದಲು ಸರಿಮಾಡಿಕೊಳ್ಳುತ್ತಿತ್ತು.

ನಲವತ್ತು ವರ್ಷ ಫೋಟೊ ಸ್ಟುಡಿಯೋ ನಡೆಸಿದ ಮನುಷ್ಯನಿಗೆ ಇಷ್ಟು ಸಾಕಿತ್ತು. ಮೇಜು ತಿರುಗಿತು, ಈಗ ಕಿಟಕಿ ಅವಳ ಎದುರಿಗೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿತು. ಅದು ಉರಿದರೆ ಕಣ್ಣ ಕೆಳಗೆ ಕುಳಿ ಬಿದ್ದಂತೆ ಕಾಣುತ್ತದಂತೆ. ಬಿಸಿಲು ಚುಚ್ಚದಂತೆ ಕಿಟಕಿಗೊಂದು ತೆಳು ಬಟ್ಟೆ. ಎಡಗೆನ್ನೆಯ ನೆರಳು ತಿಳಿಯಾಗಲೆಂದು ಪಕ್ಕದ ಕುರ್ಚಿಗೆ ಬಿಳಿ ಬೆಡ್‌ಶೀಟು. ಲ್ಯಾಪ್‌ಟಾಪಿನ ಅಡಿಗೆ ಎರಡು ದಪ್ಪ ನಿಘಂಟು. ಮಗಳು ಹುಟ್ಟಿದ ಮೇಲೆ ಈ ಆರು ವರ್ಷದಲ್ಲಿ ತಾನು ಇಷ್ಟು ಚೆನ್ನಾಗಿ ಕಂಡದ್ದೇ ಇಲ್ಲವೆನ್ನಿಸಿ ಸೊಸೆಗೆ ಖುಷಿಯಾಯಿತು.

"ಮಾವ, ಇನ್ನು ನೀವು ಹೊರಗೆ. ತುಟಿ ಪಿಟಕ್ಕೆನ್ನಬಾರದು. ಈ ಕೆಲಸ ನನಗೆ ಬೇಕೇ ಬೇಕು."

"ನಾನ್ಯಾಕಮ್ಮ ಮಧ್ಯೆ ಬಾಯಿ ಹಾಕ್ಲಿ?" ಎಂದ ಮಾವ ಬಾಗಿಲ ಬಳಿ, ಪರದೆ ಕಾಣುವಷ್ಟು ಹತ್ತಿರದಲ್ಲೇ ನಿಂತರು.

ಪಠ್ಯಪುಸ್ತಕ ಅಚ್ಚುಹಾಕುವ ಸಂಸ್ಥೆಯ ಸಂಪಾದಕಿ ತಮ್ಮ ಮನೆಯಿಂದಲೇ ಮಾತಾಡುತ್ತಿದ್ದರು. ದನಿ ಗಡುಸು, ಮುಖ ಮಾತ್ರ ಇಲ್ಲ. ಹಿಂದೆ ದೊಡ್ಡ ಕಿಟಕಿ, ಮುಂದೆ ಬರೀ ಕತ್ತಲು. ಕರಡು ತಿದ್ದುವ ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಸೊಸೆ ಪಟಪಟನೆ ಉತ್ತರಿಸಿದಳು. ಆಮೇಲೆ ಬಂತು, ಅವಳು ಹೆದರಿದ್ದ ಪ್ರಶ್ನೆ.

"ಆರು ವರ್ಷ ಎಲ್ಲೂ ಕೆಲಸ ಮಾಡಿಲ್ಲ ನೀವು. ಆ ಆರು ವರ್ಷದಲ್ಲಿ ಏನು ಕಲಿತ್ರಿ?"

ಸೊಸೆ ಬಾಯಿ ತೆರೆಯುವಷ್ಟರಲ್ಲೇ ಮಾವನ ತಾಳ್ಮೆ ಮುಗಿದಿತ್ತು. ಪ್ರಶ್ನೆ ಅವರ ಕಿವಿಗೆ ಬಿದ್ದೇ ಇರಲಿಲ್ಲ. ಆ ಕಪ್ಪು ಮುಖವೊಂದೇ ಅವರನ್ನು ಕಾಡುತ್ತಿತ್ತು. ನೆಟ್ಟಗೆ ಒಳಬಂದು, ಸೊಸೆಯ ಹೆಗಲ ಮೇಲಿಂದ ಬಗ್ಗಿ, ಸ್ಟುಡಿಯೋದ ಹಳೇ ಗತ್ತಿನಲ್ಲೇ ಅಪ್ಪಣೆ ಕೊಟ್ಟರು. "ಮೇಡಂ, ಕಿಟಕಿ ಕಡೆ ತಿರುಗಿ. ಹಾಂ, ಇನ್ನೂ ಸ್ವಲ್ಪ. ಇನ್ನೂ..."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಸೊಸೆಗೆ. ಆದರೆ ಫೋಟೊ ತೆಗೆಯುವವರು "ತಿರುಗಿ" ಅಂದಾಗ ತಿರುಗದವರು ಯಾರಿದ್ದಾರೆ? ಯೋಚಿಸುವ ಮೊದಲೇ ಸಂಪಾದಕಿ ಕುರ್ಚಿ, ಲ್ಯಾಪ್‌ಟಾಪ್ ಸಮೇತ ತಿರುಗಿಬಿಟ್ಟರು. ಬೆಳಕು ಬಿತ್ತು. ನಿದ್ದೆಗೆಟ್ಟ ಎಳೆ ತಾಯಿಯ ಮುಖ. ಎದೆಗವಚಿಕೊಂಡು ಕೊಸರಾಡುತ್ತಿದ್ದ ನಾಲ್ಕು ತಿಂಗಳ ಕೂಸು.

"ಇವನು ಯಾರಿಗೂ ಕಾಣಬಾರದು ಅಂತಾನೇ ಕತ್ತಲಲ್ಲಿ ಕೂತಿದ್ದೆ," ಎಂದರು ಸಂಪಾದಕಿ. ಗಡುಸು ದನಿ ಎಲ್ಲೋ ಮಾಯವಾಗಿತ್ತು. "ಬೆಳಗ್ಗೆಯಿಂದ ತಟ್ತಾನೇ ಇದೀನಿ, ಮಲಗ್ತಾನೇ ಇಲ್ಲ."

"ತಟ್ಟಬೇಡಿ ಮೇಡಂ," ಎಂದಳು ಸೊಸೆ, ಸಂದರ್ಶನವನ್ನೇ ಮರೆತು. "ಹೆಗಲಿಗೆ ಹಾಕ್ಕೊಳ್ಳಿ. ಕಿವಿ ಹಿಂದೆ ಒಂದೇ ಬೆರಳಲ್ಲಿ ಮೆಲ್ಲಗೆ ಸವರಿ. ಇನ್ನೂ ಮೆಲ್ಲಗೆ."

ಎರಡೂ ಮನೆಗಳ ಮೂವರು ದೊಡ್ಡವರು ಉಸಿರು ಬಿಗಿಹಿಡಿದು ಕಾದರು. ಕೂಸಿನ ಮುಷ್ಟಿ ಸಡಿಲವಾಯಿತು, ಕಣ್ಣು ಮುಚ್ಚಿತು. ಸಂಪಾದಕಿ ಹೆಗಲು ಅಲುಗದಂತೆ, ಒಂದೇ ಕೈಯಲ್ಲಿ ಪೆನ್ನು ತೆಗೆದುಕೊಂಡು ಪಿಸುಗುಟ್ಟಿದರು:

"ಸೋಮವಾರ ಮೊದಲ ಕರಡು ಕಳಿಸ್ತೀನಿ. ಆರು ವರ್ಷದ ಪ್ರಶ್ನೆಗೆ ಉತ್ತರ ಬರ್ಕೊಂಡೆ."