ಬೇಯದ ಕೆಸು

“ಇನ್ನೂ ಬೆಂದಿಲ್ಲ ಕಣ್ರೀ,” ಎಂದಳು ಲೋಸೆ. ಗಂಡ ತೆವಿತ ಕೇಳಲಿಲ್ಲ. ಹೊಂಡದೊಲೆಯ ಮಣ್ಣು ಸರಿಸಿ, ಬಾಳೆಲೆ ಎತ್ತಿ, ಕೆಸುವಿನ ಗೆಡ್ಡೆಯೊಂದನ್ನು ಬಾಯಿಗೆ ಹಾಕಿಕೊಂಡೇಬಿಟ್ಟ. ಬೆಳಿಗ್ಗೆಯಷ್ಟೇ ಟೋಂಗಾ ದ್ವೀಪದ ತಮ್ಮೂರ ಚರ್ಚಿನಲ್ಲಿ ತಾಳ್ಮೆಯ ಮೇಲೆ ಗಂಟೆಗಟ್ಟಲೆ ಪ್ರಸಂಗ ಮಾಡಿ ಬಂದವನು ಇವನೇ.

ಗಂಟಲು ತುರಿಸತೊಡಗಿತು. ಕೆಮ್ಮಿದ, ಉಗಿದ, ಕಣ್ಣಲ್ಲಿ ನೀರು ತಂದುಕೊಂಡ. ಲೋಸೆ ಬಾಯಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡು ಎಳನೀರು ಕೊಟ್ಟಳು. ಒಲೆಯನ್ನು ಮತ್ತೆ ಮುಚ್ಚಿ ಮಣ್ಣೆಳೆದಳು.

“ಸ್ವರಾನೇ ಬರ್ತಿಲ್ಲ. ಸಂಜೆ ಪ್ರಸಂಗ ನೀನೇ ಮಾಡು ಮಾರಾಯ್ತಿ,” ಎಂದು ತೆವಿತ ಪಿಸುಗುಟ್ಟಿದ.

“ಯಾವುದರ ಬಗ್ಗೆ?”

“ತಾಳ್ಮೆ ಬಗ್ಗೇನೇ. ಇನ್ನೂ ಅರ್ಧ ಉಳಿದಿದೆ.”

“ಆಯ್ತು. ನೀವು ಮುಂದಿನ ಬೆಂಚಲ್ಲೇ ಕೂತ್ಕೊಳ್ಳಿ,” ಎಂದಳು ಲೋಸೆ, ಕೈಯ ಮಣ್ಣು ಕೊಡವುತ್ತ. “ಉದಾಹರಣೆಗೆ ಬೇಕಾಗ್ತೀರಿ.”